ಸೂಜಿ ಕುದಿಸುತ್ತಿದ್ದವರು

ಸೂಜಿಯ ಮೊನೆಯನ್ನು ಅವರು ಒಂದು ಚೂರು ಹತ್ತಿಯ ಮೇಲೆ ಹಗುರವಾಗಿ ಎಳೆಯುತ್ತಿದ್ದರು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಆ ಸೂಜಿ ಮತ್ತೆ ಸಾಣೆಕಲ್ಲಿಗೆ ಹೋಗಬೇಕು. ಎಳೆ ಸಿಗದೆ ಜಾರಿ ಬಂದರೆ ಮಾತ್ರ ಅದರೊಳಗೆ ತಂತಿ ಆಡಿಸಿ, ತೊಳೆದು, ಸ್ಟೋವಿನ ಮೇಲಿನ ಡಬ್ಬಿಗೆ ಹಾಕುತ್ತಿದ್ದರು. ಹತ್ತಿ ನೋಡುವಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸುತ್ತಿದ್ದರು. ಹತ್ತಿರದ್ದನ್ನು ಬರಿಗಣ್ಣೇ ಚೆನ್ನಾಗಿ ನೋಡುತ್ತದೆ ಎನ್ನುವುದು ಅವರ ನಂಬಿಕೆ.

ಅವರು ಒಂದು ತಾಲೂಕು ದವಾಖಾನೆಯ ಕಂಪೌಂಡರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಯಾವ ಊರಿನ ದವಾಖಾನೆ ಎಂದು ನಾನು ಬರೆಯುವುದಿಲ್ಲ. ವೈದ್ಯಕೀಯ ಪದವಿ ಮುಗಿಸಿದ ಮೇಲೆ ನಾನು ಮೊದಲು ನೌಕರಿಗೆ ಸೇರಿದ್ದು ಅಲ್ಲಿ. ಒಬ್ಬ ದೊಡ್ಡ ಡಾಕ್ಟರು, ಅವರ ಕೈಕೆಳಗೆ ನಾನು, ನಾಲ್ಕು ಮಂಚ, ಒಂದು ವರಾಂಡ, ಮತ್ತು ಅವರು. ಹೋದ ತಿಂಗಳು ಅವರು ತೀರಿಕೊಂಡರು. ನಿಡಗುಂದಿಯಿಂದ ಬಂದ ಒಬ್ಬ ಹೆಣ್ಣುಮಗಳು ತನ್ನ ಹೊಟ್ಟೆನೋವಿನ ವಿಷಯ ಹೇಳುತ್ತ ಹೇಳುತ್ತ, ಗಿರಣಿ ಎರಡು ದಿನ ಮುಚ್ಚಿತ್ತು, ಗಿರಣಿಯ ಸಾಬರು ಹೋಗಿಬಿಟ್ಟರು ಎಂದಳು. ಹೆಸರು ಕೇಳಿದೆ. ಅವರೇ.

ನಾನು ನೌಕರಿಗೆ ಹೋದಾಗ ಅವರಿಗೆ ಐವತ್ತು ದಾಟಿತ್ತು. ಗುಂಡಿ ಪೂರ್ತಿ ಹಾಕಿದ ಬಿಳಿ ಕೋಟು, ಕಪ್ಪು ಟೋಪಿ, ಮೊಣಕೈಯವರೆಗೆ ಸಾಬೂನಿನಿಂದ ತೊಳೆದೂ ತೊಳೆದೂ ಬಿಳಿಚಿದ ಕೈ. ಊರಲ್ಲಿ ಅವರಿಗೆ 'ಕುದಿಸೋ ಸಾಬ' ಎಂದು ಅಡ್ಡಹೆಸರು. ಸೂಜಿಗೆ ಬಂದವರು ಕಾಯಲೇಬೇಕಿತ್ತು. ಡಬ್ಬಿಯ ನೀರು ಕುದಿ ಬಂದ ಮೇಲೆ ಅವರು ಮಿಕ್ಚರ್ ಬಾಟಲಿಗಳಿಗೆ ಹಚ್ಚುವ ಕಾಗದದ ಪಟ್ಟಿ ಕತ್ತರಿಸಲು ಕೂರುತ್ತಿದ್ದರು. ಒಂದೊಂದು ಡೋಸಿಗೆ ಒಂದೊಂದು ಕಚ್ಚು. ಇಪ್ಪತ್ತು ಪಟ್ಟಿ ಆದವೆಂದರೆ ಸೂಜಿ ಆಯಿತು. ಗಡಿಯಾರ ಗೋಡೆಯ ಮೇಲಿತ್ತು, ಅದು ನಿಂತು ಎಷ್ಟೋ ವರ್ಷವಾಗಿತ್ತು. ನಾನು ಮೊದಲ ವಾರ ನನ್ನ ಕೈಗಡಿಯಾರ ಹಿಡಿದು ಅವರ ಪಟ್ಟಿಗಳನ್ನು ಪರೀಕ್ಷಿಸಿದ್ದೆ. ಇಪ್ಪತ್ತು ನಿಮಿಷಕ್ಕೆ ಒಂದು ನಿಮಿಷ ಹೆಚ್ಚೇ ಆಗುತ್ತಿತ್ತು, ಕಡಿಮೆ ಎಂದೂ ಆಗಲಿಲ್ಲ. ನಾನು ಪರೀಕ್ಷಿಸುತ್ತಿದ್ದುದು ಅವರಿಗೆ ಗೊತ್ತಿತ್ತು.

ಒಮ್ಮೆ ಊರಿನ ಪೊಲೀಸ್ ಫೌಜದಾರರು ಬಂದು, ತಮಗೆ ತಡವಾಗುತ್ತದೆ, ಬೇಗ ಕುದಿಸು ಎಂದು ಹುಕುಂ ಮಾಡಿದರು. ಕಂಪೌಂಡರು ತಲೆ ಎತ್ತದೆ, "ನೀರು ನಿಮ್ಮ ಖಾತೇಕ ಬರೂದಿಲ್ರಿ ಸಾಹೇಬ್ರ. ಅದು ಬೆಂಕಿ ಮಾತು ಅಷ್ಟ ಕೇಳ್ತೈತಿ," ಎಂದರು. ಫೌಜದಾರರು ನಗುವುದೋ ಬೈಯುವುದೋ ತಿಳಿಯದೆ ಬೆಂಚಿನ ಮೇಲೆ ಕುಳಿತರು.

ಔಷಧಕ್ಕೆ ಮನೆಯಿಂದ ಬಾಟಲಿ ತರುವುದು ರೂಢಿ. ಪ್ರತಿಯೊಂದು ಬಾಟಲಿಯನ್ನೂ ಅವರು ಮೂಸುತ್ತಿದ್ದರು. ಇದರಲ್ಲಿ ಮೊದಲು ಏನಿತ್ತು ಎಂದು ಕೇಳಿದರೆ ಹೆಂಗಸರು ಎಣ್ಣೆ, ಜೇನು ಎನ್ನುತ್ತಿದ್ದರು. "ಜೇನು ಕುಡದ ನಿನ್ನ ಗಂಡ ನಿನ್ನಿ ಸಂತ್ಯಾಗ ಬಿದ್ದಿದ್ದನಲ್ಲವ್ವ," ಎಂದು ಬಾಟಲಿ ತಿರುಗಿ ಕೊಡುತ್ತಿದ್ದರು. ಇಡೀ ವರಾಂಡ ನಗುತ್ತಿತ್ತು, ಆಕೆಯೂ ನಗುತ್ತಿದ್ದಳು. ನನ್ನೊಡನೆ ಮಾತ್ರ ಹೀಗೆ ಮಾತಾಡಲಿಲ್ಲ; ನಾನು ಅವರಿಗೆ 'ಬಾಯಾರು', ಡಾಕ್ಟರಮ್ಮ. ಆ ಊರಲ್ಲಿ ನನ್ನ ಮದುವೆಯ ಬಗ್ಗೆ ಕೇಳದೆ ಇದ್ದವರು ಅವರೊಬ್ಬರೇ.

ಗ್ರೇನ್ ಮಾರ್ಕೆಟ್ಟಿನ ಹಮಾಲನೊಬ್ಬ ದವಾಖಾನೆಗೆ ಬಂದದ್ದು ನನ್ನ ಎರಡನೆಯ ಬೇಸಗೆಯಲ್ಲಿ. ಮೂವತ್ತರ ಒಳಗಿನವನು. ಬಾಯಿ ತುಂಬ ಹುಣ್ಣು, ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಒಂದು ಕಣ್ಣು ಕೆಂಪು. ಬಾಯಿಹುಣ್ಣು ವರ್ಷಕ್ಕೆ ಎಂಟು ಹತ್ತು ಸಲ ಬಂದು ಹೋಗುತ್ತವೆ ಎಂದ. ಮುಚ್ಚಿಡುವ ಜಾಗದಲ್ಲೂ ಹುಣ್ಣಾಗುತ್ತವೆ ಎಂಬುದನ್ನು ನನಗೆ ಹೇಳಲಿಲ್ಲ, ಕಂಪೌಂಡರಿಗೆ ಹೇಳಿದ. ಅವರು ದೊಡ್ಡ ಡಾಕ್ಟರಿಗೆ ತಿಳಿಸಿದರು. ದೊಡ್ಡ ಡಾಕ್ಟರು ಅವನನ್ನು ನೋಡಿದ್ದು ಒಂದು ನಿಮಿಷ. "ಗರ್ಮಿ," ಎಂದರು. ಕೆಟ್ಟ ಸಹವಾಸದಿಂದ ಬರುವ ರೋಗಕ್ಕೆ ನಮ್ಮ ಕಡೆ ಇರುವ ಹೆಸರು ಅದು. ಹಮಾಲ, ತನಗೆ ಅಂಥ ಚಾಳಿ ಇಲ್ಲವೆಂದು ಹೆಂಡತಿಯ ಮೇಲೆ ಆಣೆ ಮಾಡಿದ. ದೊಡ್ಡ ಡಾಕ್ಟರು, ಎಲ್ಲರೂ ಹೀಗೇ ಆಣೆ ಮಾಡುತ್ತಾರೆ ಎಂದು ಪೆನಿಸಿಲಿನ್ ಬರೆದರು.

ದಿನಕ್ಕೊಂದು ಸೂಜಿ. ಮೂರನೆಯ ದಿನ ಮೊದಲ ಸೂಜಿ ಚುಚ್ಚಿದ ಜಾಗ ಕೆಂಪಾಗಿ ಉಬ್ಬಿ, ಮಧ್ಯದಲ್ಲಿ ಸಾಸಿವೆಯಷ್ಟು ಕೀವು ಕಟ್ಟಿತ್ತು. ಆಮೇಲೆ ಎರಡನೆಯದು, ಮೂರನೆಯದು. ಸೂಜಿ ಹೊಲಸು ಎಂದು ದೊಡ್ಡ ಡಾಕ್ಟರು ರೇಗಿದರು. ಕಂಪೌಂಡರು ಡಬ್ಬಿಯನ್ನೇ ಬದಲಿಸಿ ಕುದಿಸಿದರು, ಹೊಸ ಸೂಜಿ ತೆಗೆದರು. ಕೀವು ಬಂತು. ಅದೇ ಡಬ್ಬಿಯ ಸೂಜಿಯಿಂದ ಚುಚ್ಚಿಸಿಕೊಂಡ ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಅವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತದ್ದು ಅಪರೂಪ. ಅಂದು ನಿಂತರು.

"ಬಾಯಾರ, ಒಂದ ಕೆಲಸ ಮಾಡೇನಿ. ಬಂದ ನೋಡ್ತೀರೇನ್ರಿ?"

ಒಂದೇ ಕುದಿಯ ಎರಡು ಖಾಲಿ ಸೂಜಿ. ಒಂದನ್ನು ಹಮಾಲನ ಮುಂಗೈಗೆ ಚುಚ್ಚಿದ್ದರು, ಒಂದನ್ನು ತಮ್ಮದೇ ಮುಂಗೈಗೆ. ಔಷಧವಿಲ್ಲ, ಬರೀ ಚುಚ್ಚು. ಅದಾಗಿ ಎರಡು ದಿನ. ಅವರ ಕೈಯಲ್ಲಿ ಏನೂ ಇರಲಿಲ್ಲ, ಎಲ್ಲಿ ಚುಚ್ಚಿದ್ದರೋ ಅವರೇ ತೋರಿಸಬೇಕಾಯಿತು. ಹಮಾಲನ ಕೈಯಲ್ಲಿ ಕೆಂಪು ಬೊಕ್ಕೆ, ಅದರ ತಲೆಯಲ್ಲಿ ಕೀವು.

"ಸೂಜಿದು ತಪ್ಪಿಲ್ರಿ. ಇವನ ಮೈಯಾಗ ಏನೋ ಉರಿ ಐತಿ. ಚುಚ್ಚಿದ್ರ ಸಾಕು, ಅಲ್ಲೇ ಏಳತೈತಿ. ಜಾಲಿಮುಳ್ಳು ನೆಟ್ಟ ಕಡೇನೂ ಹಿಂಗ ಆಗೈತಂತ, ಕೇಳೇನಿ."

ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಾನು ಹೇಳಿದೆ. ಹೌದ್ರಿ ಎಂದು ಹೋದರು. ನಾನು ಓದಿದ ಯಾವ ಪುಸ್ತಕದಲ್ಲೂ ಬರಿಯ ಚುಚ್ಚಿಗೆ ಕೀವಾಗುವ ಮೈ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಒಬ್ಬ ಕಂಪೌಂಡರ್ ಕಂಡುಹಿಡಿಯಬಲ್ಲ ಎಂಬುದು ನನ್ನ ತಲೆಗೆ ಬರಲೂ ಇಲ್ಲ.

ಒಂದು ತಿಂಗಳು ಬಿಟ್ಟು ಹಮಾಲನನ್ನು ಅವನ ಜೊತೆಗಾರರು ಕೈಗಾಡಿಯಲ್ಲಿ ತಂದರು. ಎಡಗಾಲು ತೊಡೆಯವರೆಗೆ ಬಾತು ಬಿಗಿದಿತ್ತು. ತೊಡೆಯ ಒಳಬದಿಗೆ ಮುಟ್ಟಿದರೆ ರಕ್ತನಾಳ ಹಗ್ಗದ ಹಾಗೆ ಗಟ್ಟಿ. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಇದು ನನಗೆ ಗೊತ್ತಿದ್ದ ರೋಗ, ಚೆನ್ನಾಗಿ ಓದಿದ್ದ ರೋಗ. ದೊಡ್ಡ ಡಾಕ್ಟರು ವಿಜಾಪುರಕ್ಕೆ ಕಳಿಸೋಣ ಎಂದರು. ನಾನು ಬೇಡವೆಂದೆ. ಬಸ್ಸಿನ ಕುಲುಕಾಟಕ್ಕೆ ಹೆಪ್ಪು ಕಿತ್ತು ಮೇಲೆ ಹೋದರೆ ಅಪಾಯ, ಹೆಪ್ಪು ಬೆಳೆಯದಂತೆ ರಕ್ತವನ್ನು ತೆಳುವಾಗಿಡುವ ಹೆಪಾರಿನ್ ತರಿಸಿ ಇಲ್ಲೇ ಕೊಡೋಣ ಎಂದೆ. ಅದುವರೆಗೆ ಆ ದವಾಖಾನೆಯಲ್ಲಿ ನಾನು ಅಷ್ಟು ದೃಢವಾಗಿ ಮಾತಾಡಿರಲಿಲ್ಲ. ದೊಡ್ಡ ಡಾಕ್ಟರು ಒಪ್ಪಿದರು. ಔಷಧವನ್ನು ವಿಜಾಪುರದಿಂದ ಹಮಾಲನ ಅಣ್ಣ ತಂದ.

ದಿನಕ್ಕೆ ನಾಲ್ಕು ಸಲ ಸೂಜಿ. ಗಾಜಿನ ಸಣ್ಣ ನಳಿಗೆಯಲ್ಲಿ ಅವನ ರಕ್ತ ತೆಗೆದು, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ ಬರೆದಿಡುತ್ತಿದ್ದೆ. ಪುಸ್ತಕದಲ್ಲಿ ಹೇಳಿದಷ್ಟೇ ಹೊತ್ತು ಬೇಕಾಗುತ್ತಿತ್ತು. ಎಲ್ಲ ಸರಿಯಾಗಿತ್ತು.

ಮೂರನೆಯ ದಿನ ಅವರು ಮತ್ತೆ ನನ್ನ ಬಾಗಿಲಿಗೆ ಬಂದರು. ಹಮಾಲ ಕೆಮ್ಮಿ ಒರೆಸಿಕೊಂಡ ಅರಿವೆಯನ್ನು ಚಿಮಟಿಗೆಯಲ್ಲಿ ಹಿಡಿದಿದ್ದರು. ಕಫದಲ್ಲಿ ಕೆಂಪು ಗೆರೆ.

"ರಕ್ತ ತೆಳ್ಳಗ ಮಾಡಾಕತ್ತೀವಿ, ಇದು ಒಳಗಿಂದ ಬರಾಕತ್ತೈತಿ. ಒಂದ ದಿನ ತಡದು ನೋಡೂಣೇನ್ರಿ?"

ಹಾಗಲ್ಲ, ಕಾಲಿನ ಹೆಪ್ಪಿನ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿದೆ, ಅದಕ್ಕೇ ರಕ್ತ, ಈಗ ಔಷಧ ನಿಲ್ಲಿಸಿದರೆ ಇನ್ನೂ ಹೆಪ್ಪು ಹೋಗುತ್ತದೆ ಎಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಡೋಸು ಹೆಚ್ಚಿಸಿದೆ. ಅವರು ಕೇಳಿಸಿಕೊಂಡು, ಹೇಳಿದಷ್ಟನ್ನೇ ತುಂಬಿ, ಹೇಳಿದ ಹೊತ್ತಿಗೇ ಚುಚ್ಚಿದರು.

ಐದನೆಯ ದಿನ ಬೆಳಗ್ಗೆ ಹತ್ತರ ಸೂಜಿ ಆದ ಸ್ವಲ್ಪ ಹೊತ್ತಿಗೆ ಹಮಾಲ ಒಂದೇ ಸಲ ಎದ್ದು ಕುಳಿತು ಕೆಮ್ಮಿದ. ಆಮೇಲೆ ಬಂದದ್ದು ಗೆರೆಯಲ್ಲ. ನಾನು ಓಡಿ ಬರುವಷ್ಟರಲ್ಲಿ ಹಾಸಿಗೆ, ಅವರ ಬಿಳಿ ಕೋಟು, ನೆಲ ಎಲ್ಲ ರಕ್ತ. ಅವನ ಬೆನ್ನನ್ನು ಹಿಡಿದುಕೊಂಡು ಅವರು ಕೂತಿದ್ದರು. ಮಾಡುವುದಕ್ಕೆ ಏನೂ ಇರಲಿಲ್ಲ.

ಅಂದು ಸಂತೆಯ ದಿನ. ಅರ್ಧ ಗಂಟೆಯಲ್ಲಿ ಮಾರ್ಕೆಟ್ಟಿನ ಹಮಾಲರೆಲ್ಲ ಬಂದು ವರಾಂಡ ತುಂಬಿದರು. ಹೆಣದ ತೋಳಿನ ಮೇಲಿನ ಕೀವಿನ ಚುಕ್ಕೆಗಳು ಅವರ ಕಣ್ಣಿಗೆ ಬಿದ್ದವು. ಹತ್ತಕ್ಕಿಂತ ಹೆಚ್ಚಿದ್ದವು. ಏನು ಮಾಡಿದಿರಿ ನಮ್ಮ ಹುಡುಗನಿಗೆ ಎಂದು ಅಣ್ಣ ಕೇಳಿದ. ದೊಡ್ಡ ಡಾಕ್ಟರು ಗುಂಪನ್ನು ನೋಡಿದರು, ಚುಕ್ಕೆಗಳನ್ನು ನೋಡಿದರು. ಹೊಲಸು ಸೂಜಿಯ ನಂಜು ರಕ್ತಕ್ಕೆ ಏರಿದೆ ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದರು:

"ಇವತ್ತ ಮುಂಜಾನಿ ಕಂಪೌಂಡರ್ ಸೂಜಿ ಕುದಿಸಿದ್ದು ನೀವು ಕಣ್ಣಾರೆ ನೋಡೀರೇನು?"

ಅಂದು ಬೆಳಗ್ಗೆ ನಾನು ಹಿಂದಿನ ಕೋಣೆಯಲ್ಲಿ ಕುಳಿತು ಹಿಂದಿನ ದಿನದ ರಕ್ತಪರೀಕ್ಷೆಯನ್ನು ಚೊಕ್ಕಟವಾಗಿ ಬರೆದಿಡುತ್ತಿದ್ದೆ.

"ಇವತ್ತು ನಾನು ನೋಡಿಲ್ಲ," ಎಂದೆ.

ಅದು ನಿಜ. ಅಕ್ಷರಕ್ಕೆ ಅಕ್ಷರ ನಿಜ. ಅದರ ಹಿಂದಿನ ಐನೂರು ದಿನ ನೋಡಿದ್ದೇನೆ ಎಂದು ಸೇರಿಸಬಹುದಿತ್ತು. ಅವರು ತಮ್ಮ ಕೈಗೇ ಚುಚ್ಚಿಕೊಂಡದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದರೆ ಸೂಜಿಯದು ತಪ್ಪಲ್ಲವೆಂದರೆ ಮುಂದಿನ ಪ್ರಶ್ನೆ ಸೂಜಿಯೊಳಗೆ ಏನಿತ್ತು ಎಂಬುದು. ಅದನ್ನು ಬರೆದವಳು ನಾನು. ನನ್ನ ಉತ್ತರ ಅಷ್ಟು ಚಿಕ್ಕದಾಗಿದ್ದುದಕ್ಕೆ ನನ್ನ ಮಿತಮಾತಿನ ಸ್ವಭಾವವನ್ನು ಕಾರಣ ಮಾಡಿಕೊಂಡು ಬಹಳ ದಿನ ಬದುಕಿದೆ.

ಅವರು ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿನಿಂದಲ್ಲ, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬ ಹಾಗೆ. ಆಮೇಲೆ ಒಳಗೆ ಹೋಗಿ ಉರಿಯುತ್ತಿದ್ದ ಸ್ಟೋವಿನ ಗಾಳಿ ಬಿಟ್ಟರು.

ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದು ನನ್ನ ಮಾತನ್ನು ಬರೆದುಕೊಂಡರು. ಅದೇ ವಾಕ್ಯ. ಕಂಪೌಂಡರರನ್ನು ನೌಕರಿಯಿಂದ ತೆಗೆದರು. ಪೆನ್ಶನ್ನಿಗೆ ಮೂರು ವರ್ಷ ಉಳಿದಿತ್ತು. ಊರಲ್ಲಿ ಅವರ ಅಡ್ಡಹೆಸರು ಹಾಗೇ ಉಳಿಯಿತು, ಹೇಳುವ ದನಿ ಬದಲಾಯಿತು. ಮಸೀದಿಯ ಹತ್ತಿರದ ಮನೆ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು, ಅವರು ನಿಡಗುಂದಿಯ ಭಾವಮೈದುನನ ಮನೆಗೆ ಹೋದರೆಂದು ಕೇಳಿದೆ.

ಎರಡು ವರ್ಷದ ಮೇಲೆ ನಾನು ಹೆಚ್ಚಿನ ಓದಿಗೆ ಮತ್ತೆ ಕಾಲೇಜಿಗೆ ಸೇರಿದೆ. ಅಲ್ಲಿಯ ಆಸ್ಪತ್ರೆಯ ವಾರ್ಡಿಗೆ ನೇಕಾರರ ಹುಡುಗನೊಬ್ಬ ಬಂದ. ಬಾಯಿಯಲ್ಲಿ ಹುಣ್ಣು, ಕೆಂಪು ಕಣ್ಣು, ಬಾತ ಕಾಲು. ನಮ್ಮ ಪ್ರೊಫೆಸರರು ಅವನ ಮುಂಗೈಗೆ ಒಂದು ಖಾಲಿ ಸೂಜಿಯನ್ನು ಚುಚ್ಚಿ, ಎರಡು ದಿನ ಬಿಟ್ಟು ಎಲ್ಲರೂ ಬಂದು ನೋಡಿ ಎಂದರು. ನೋಡುವ ಮೊದಲೇ ನನಗೆ ಗೊತ್ತಿತ್ತು. ಎರಡು ದಿನದ ಮೇಲೆ ಅಲ್ಲಿ ಕೀವಿನ ತಲೆಯ ಕೆಂಪು ಬೊಕ್ಕೆ ಎದ್ದಿತ್ತು. ವಿದ್ಯಾರ್ಥಿಗಳು ಬೆರಗಾದರು. ಇದು ಬಹಳ ಅಪರೂಪದ ರೋಗ, ತುರ್ಕಿ ದೇಶದ ಒಬ್ಬ ಚರ್ಮವೈದ್ಯರು ಇದನ್ನು ಮೊದಲು ಒಟ್ಟಾಗಿ ಕಂಡರು, ಈ ಚುಚ್ಚು ಇದರ ಪರೀಕ್ಷೆ ಎಂದು ಪ್ರೊಫೆಸರರು ಹೇಳಿದರು.

ಕಾಲಿನ ಹೆಪ್ಪಿಗೆ ಹೆಪಾರಿನ್ ಕೊಡೋಣವೇ ಎಂದು ಯಾರೋ ಕೇಳಿದರು. ಪ್ರೊಫೆಸರರು ಹುಡುಗನ ಎದೆಯ ಎಕ್ಸ್‌ರೇ ಎತ್ತಿ ಹಿಡಿದು ಒಂದು ದುಂಡನೆಯ ನೆರಳನ್ನು ತೋರಿಸಿದರು.

"ಇಲ್ಲಿ ಉರಿಯುತ್ತಿರುವುದು ರಕ್ತನಾಳದ ಗೋಡೆ. ಒಂದು ಕಡೆ ಆ ಉರಿಗೆ ರಕ್ತ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಗೋಡೆಯೇ ಗುಳ್ಳೆಯಂತೆ ಉಬ್ಬುತ್ತದೆ. ರಕ್ತ ತೆಳುವಾಗಿಸಿದ ದಿನ ಆ ಗುಳ್ಳೆ ಒಡೆದರೆ ನಿಲ್ಲಿಸುವವರು ಯಾರು? ಮೊದಲು ಉರಿ ಆರಿಸಿ."

ಉರಿ ಆರಿಸಲು ಕೊಟ್ಟದ್ದು ಸ್ಟೀರಾಯ್ಡ್ ಗುಳಿಗೆ. ನಮ್ಮ ತಾಲೂಕು ದವಾಖಾನೆಯ ಕಪಾಟಿನಲ್ಲೂ, ದಮ್ಮಿನ ರೋಗಿಗಳಿಗೆಂದು, ಅದರ ಒಂದು ಬಾಟಲಿ ಇತ್ತು. ನೇಕಾರರ ಹುಡುಗ ಆರು ವಾರಕ್ಕೆ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಈ ರೋಗ ಹಾಗೆ ಬಿಟ್ಟುಹೋಗುವುದಲ್ಲ, ಮತ್ತೆ ಬರಬಹುದು ಎಂದು ಪ್ರೊಫೆಸರರು ಎಚ್ಚರಿಸಿದ್ದರು. ಆದರೂ ಹೋದ.

ನಾನು ಜಿಲ್ಲೆಯ ಕಚೇರಿಗೆ ನಾಲ್ಕು ಪುಟ ಬರೆದೆ. ಸದರಿ ನೌಕರನ ಪ್ರಕರಣ ಮುಕ್ತಾಯವಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅದನ್ನು ಚೀಲದಲ್ಲಿಟ್ಟುಕೊಂಡು ನಿಡಗುಂದಿಗೆ ಹೋದೆ. ಇದು ಕಳೆದ ವರ್ಷದ ಮಾತು.

ಅವರು ಹಿಟ್ಟಿನ ಗಿರಣಿಯಲ್ಲಿದ್ದರು. ಭಾವಮೈದುನನ ಗಿರಣಿ. ಜೋಳ ಸುರಿಯುವುದು, ಹಿಟ್ಟು ಮುಟ್ಟಿ ನೋಡಿ ಕಲ್ಲು ಬಿಗಿ ಮಾಡುವುದು ಅವರ ಕೆಲಸ. ಹುಬ್ಬು, ರೆಪ್ಪೆ, ಟೋಪಿ ಎಲ್ಲ ಬೆಳ್ಳಗೆ. ಊರವರು ಅವರ ಕೈಯಿಂದ ಸೂಜಿ ಮಾಡಿಸಿಕೊಳ್ಳಲು ಮನೆಗೆ ಬಂದಿದ್ದರಂತೆ. ಸೂಜಿ ಇನ್ನು ಮುಟ್ಟುವುದಿಲ್ಲ ಎಂದಿದ್ದರಂತೆ. ನನ್ನನ್ನು ನೋಡಿ ಎದ್ದು ನಿಂತರು. ಅವರು ಎದ್ದದ್ದು ನನಗೆ ಸಹಿಸಲಾಗಲಿಲ್ಲ.

ಗಿರಣಿಯ ಪಟ್ಟಾ ತಿರುಗುವ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಹೊರಗೆ ಬನ್ನಿ ಎಂದೆ. ಕಲ್ಲು ಬರಿದೇ ತಿರುಗಬಾರದು, ಇಲ್ಲೇ ಹೇಳಿ ಎಂದರು. ಹೇಳಿದೆ. "ಕೇಳಸವಲ್ದ್ರಿ, ಜೋರಾಗಿ ಹೇಳ್ರಿ," ಎಂದರು. ಜನ್ಮದಲ್ಲಿ ನಾನು ಕೂಗಿ ಮಾತಾಡಿದವಳಲ್ಲ. ಬುಟ್ಟಿ ಹಿಡಿದು ನಿಂತ ಹೆಂಗಸರ ಮುಂದೆ ಕೂಗಿ ಹೇಳಿದೆ: ನಿಮ್ಮ ಸೂಜಿ ಸ್ವಚ್ಛ ಇತ್ತು, ನೀವು ಹೇಳಿದ್ದು ನಿಜ, ಅದು ಮೈಯ ಉರಿ, ಅವನನ್ನು ಕೊಂದದ್ದು ನಾನು ಬರೆದ ಔಷಧ.

ಅವರು ಬಹಳ ಹೊತ್ತು ಜೋಳ ಸುರಿದರು.

"ಅಂವ ಉಳೀತಿದ್ನೇನ್ರಿ?"

ಉಳಿಯಬಹುದಿತ್ತು ಎಂದೆ.

ಬುಟ್ಟಿಯೊಂದು ಮುಗಿದು ಇನ್ನೊಂದು ಬಂತು. ಕಚೇರಿಯ ಪತ್ರ ತೋರಿಸಿದೆ. ಹಿಟ್ಟಿನ ಕೈಯೆಂದು ಅದನ್ನು ಮುಟ್ಟದೆ, ನಾನೇ ಹಿಡಿದಿದ್ದಂತೆ ಬಗ್ಗಿ ಓದಿದರು. ಮತ್ತೊಮ್ಮೆ ಬರೆಯುತ್ತೇನೆ, ಬೆಂಗಳೂರಿಗೆ ಬರೆಯುತ್ತೇನೆ ಎಂದೆ.

"ಬರೀರಿ. ನಿಮ್ಮ ಸಮಾಧಾನಕ್ಕ ಬರೀತೀರಿ ಅಂದ್ರ ಬರೀರಿ. ನನ್ನ ಸಲುವಾಗಿ ಅನಬ್ಯಾಡ್ರಿ." ಬುಟ್ಟಿಯ ತಳ ತಟ್ಟಿ ಅಂದರು, "ನೀವು ಆ ದಿನ ನೋಡಿರಲಿಲ್ಲ, ಖರೇ. ಆದ್ರ ಬಾಯಾರ, ದೊಡ್ಡ ಡಾಕ್ಟರು ಕೇಳಿದ್ದು ಆ ಒಂದ ದಿನದ ಮಾತೇನ್ರಿ?"

ಇಲ್ಲಿ ಇಷ್ಟು ಜನರೆದುರು ಹೇಳಿದ್ದೇನೆ ಎಂದಷ್ಟೇ ಅಂದೆ.

"ಇಲ್ಲಿ ನಾ ಗಿರಣಿಯವ. ಇವರಿಗೇನ ಆಗಬೇಕಾಗೈತಿ ಅದರದು? ನಾ ಕಂಪೌಂಡರ್ ಇದ್ದದ್ದು ಅಲ್ಲಿ."

ಅಷ್ಟು ಹೇಳಿ, ನನ್ನ ಹಿಂದೆ ನಿಂತ ಹೆಂಗಸಿನ ಬುಟ್ಟಿಗೆ ಕೈ ಚಾಚಿದರು. ಚಹಾ ಕುಡಿದು ಹೋಗಿ ಎನ್ನಲಿಲ್ಲ. ನಮ್ಮ ಕಡೆ ಶತ್ರುವಿಗೂ ಹಾಗೆ ಅನ್ನದೆ ಕಳಿಸುವುದಿಲ್ಲ.

ಮರುದಿನ ಬೆಳಗ್ಗೆ ನಾನು ಕಾಲೇಜಿಗೆ ಮರಳದೆ ಹಳೆಯ ದವಾಖಾನೆಯ ಊರಿಗೆ ಹೋಗುವ ಮೊದಲ ಬಸ್ಸು ಹತ್ತಿದೆ. ದವಾಖಾನೆಯ ವರಾಂಡದಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ದೊಡ್ಡ ಡಾಕ್ಟರು ವರ್ಗವಾಗಿ ಹೋಗಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು, ಇಲ್ಲಿ ಹಮಾಲ ಸತ್ತಾಗ ಕಂಪೌಂಡರರ ಸೂಜಿಯಿಂದ ಸತ್ತನೆಂದು ಹೇಳಿದರು, ಅದು ಸುಳ್ಳು, ಸೂಜಿ ಸ್ವಚ್ಛ ಇತ್ತು, ತಪ್ಪು ಔಷಧ ಬರೆದವಳು ನಾನು ಎಂದೆ. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ದೂರ ಸರಿದಳು. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಒಬ್ಬ ಕೇಳಿದ. ಕಂಬಕ್ಕೆ ಒರಗಿದ್ದ ಮುದುಕನೊಬ್ಬ ಕಿವಿಗೆ ಕೈ ಹಚ್ಚಿ, "ಯಾವ ಕಂಪೌಂಡರ್ರಿ?" ಎಂದ.

ಅವರ ಹೆಸರು ಹೇಳಿದೆ. ಅವರ ತಂದೆಯ ಹೆಸರು ಹೇಳಿದೆ, ಹುಟ್ಟಿದ ಊರು ಯಂಕಂಚಿ ಎಂದೆ. ಮುದುಕ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ. 'ಕುದಿಸೋ ಸಾಬ' ಎಂದಿದ್ದರೆ ಗೊತ್ತಾಗುತ್ತಿತ್ತು. ನಾನು ಇನ್ನೊಮ್ಮೆ ಹೆಸರನ್ನೇ ಹೇಳಿದೆ.